ಅಳತೆಗೋಲು ಮತ್ತು ಮಗು: ಇ. ಪಾಲ್ ಟಾರೆನ್ಸ್ ಅವರ ಬದುಕು ಹಾಗೂ ಸಂಶೋಧನೆ

ಶಿಕ್ಷಣ ಮನೋವಿಜ್ಞಾನದ ಪಠ್ಯಗಳಲ್ಲಿ ಟಾರೆನ್ಸ್ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಪರೀಕ್ಷೆಯ ಹೆಸರಾಗಿ ಉಳಿದಿದೆ. 1966ರಲ್ಲಿ ಪ್ರಕಟವಾದ ‘ಟಾರೆನ್ಸ್ ಸೃಜನಾತ್ಮಕ ಚಿಂತನ ಪರೀಕ್ಷೆ’ಯು 35ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡು, ಈ ಕ್ಷೇತ್ರದಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಾದ ಸಾಧನವೆಂಬ ಮನ್ನಣೆ ಪಡೆದಿದೆ. ಆದರೆ ಈ ಅಳತೆಗೋಲನ್ನು ರೂಪಿಸಿದವರ ಮೂಲ ಆಶಯ ಮಕ್ಕಳನ್ನು ಅಳೆಯುವುದಾಗಿರಲಿಲ್ಲ. ಅಂದು ಬಳಕೆಯಲ್ಲಿದ್ದ ಅಳತೆಗೋಲುಗಳಿಗೆ ಸಿಕ್ಕದೆ ಹೋಗುತ್ತಿದ್ದ ಮಕ್ಕಳನ್ನು ಕಾಣಿಸುವುದಾಗಿತ್ತು. ಕಾಣಿಸಲೆಂದು ಹುಟ್ಟಿದ ಸಾಧನ ಕಾಲಕ್ರಮೇಣ ಮತ್ತೊಂದು ಜರಡಿಯಾಯಿತು. ಅದನ್ನು ರೂಪಿಸಿದವರಾದರೋ ತಮ್ಮದೇ ಸಂಶೋಧನೆಯ ಒತ್ತಡದಿಂದ ಅಂಕಗಳ ಆಚೆಗೆ ನಡೆದರು. ಈ ಎರಡು ಚಲನೆಗಳನ್ನು ಎದುರುಬದುರಾಗಿರಿಸಿ ಟಾರೆನ್ಸ್ ಅವರ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. ‘ಸೃಜನಶೀಲತೆ’ ಎಂಬುದು ಕನ್ನಡ ವಿಮರ್ಶೆಗೆ ಆಧುನಿಕ ಕಾಲದಲ್ಲಿ ಒದಗಿಬಂದ ಪದ. ಅದಕ್ಕೂ ಹಿಂದಿನಿಂದ ನಮ್ಮಲ್ಲಿರುವುದು ‘ಪ್ರತಿಭೆ’. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕಾರಯಿತ್ರೀ ಪ್ರತಿಭೆಯನ್ನು ಸಹಜಾ, ಆಹಾರ್ಯಾ, ಔಪದೇಶಿಕೀ ಎಂದು ಮೂರಾಗಿ ವಿಂಗಡಿಸಿರುವುದು ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ. ಹುಟ್ಟಿನಿಂದ ಬಂದದ್ದೆಷ್ಟು, ಅಭ್ಯಾಸದಿಂದ ಗಳಿಸಿದ್ದೆಷ್ಟು, ಗುರುವಿನ ಉಪದೇಶದಿಂದ ದೊರೆತದ್ದೆಷ್ಟು ಎಂಬ ಆ ವಿಂಗಡಣೆಯ ಹಿಂದಿನ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಪ್ರಯೋಗಾತ್ಮಕ ಮನೋವಿಜ್ಞಾನದ ಪ್ರಶ್ನೆಯಾಗಿ ಮರಳಿ ಕಾಣಿಸಿಕೊಂಡಿತೆಂದು ಹೇಳಬಹುದು. ಎರಡೂ ಒಂದೇ ಎಂದು ಸಾಧಿಸುವುದು ನನ್ನ ಇರಾದೆಯಲ್ಲ. ನಮ್ಮ ಮೀಮಾಂಸಕರ ದೃಷ್ಟಿ ಕವಿಯ ಮೇಲಿದ್ದಿತು. ಟಾರೆನ್ಸ್ ಅವರ ದೃಷ್ಟಿ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ಮೇಲೆ.

ಎಲ್ಲಿಸ್ ಪಾಲ್ ಟಾರೆನ್ಸ್ 1915ರ ಅಕ್ಟೋಬರ್ 8ರಂದು ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದ ಮಿಲೆಡ್ಜ್‌ವಿಲ್‌ನಲ್ಲಿ ಜನಿಸಿದರು. ಬೇಸಾಯಗಾರರ ಮನೆತನ. ಹೊಲದ ಕೆಲಸ ಈ ಹುಡುಗನ ಕೈಗೆ ಒಗ್ಗಲಿಲ್ಲ, ಓದು ಒಗ್ಗಿತು. ಪದವಿ ಪೂರೈಸುವ ಮೊದಲೇ ಅವರು ಶಿಕ್ಷಕ ವೃತ್ತಿಗೆ ಇಳಿದರು. ಮರ್ಸರ್ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ದೊರೆತದ್ದು 1940ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ ದೊರೆತದ್ದು 1944ರಲ್ಲಿ. ಈ ಅವಧಿಯಲ್ಲಿ ಅವರು ತಮ್ಮ ಊರಿನದೇ ಆದ ಜಾರ್ಜಿಯಾ ಮಿಲಿಟರಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಬೇರೆ ಶಾಲೆಗಳಲ್ಲಿ ನಿಭಾಯಿಸಲಾಗದ ಹುಡುಗರನ್ನು ಶಿಸ್ತು ಕಲಿಯಲೆಂದು ಕಳುಹಿಸುತ್ತಿದ್ದ ಸಂಸ್ಥೆ ಅದು. ಶಾಲೆ ಯಾರನ್ನು ಹೊರೆಯೆಂದು ಬಗೆದಿತ್ತೋ ಅಂಥವರಲ್ಲಿ ಹಲವರು ಅಸಾಧಾರಣ ಚೈತನ್ಯವುಳ್ಳವರೆಂಬುದು ಈ ಎಳೆಯ ಅಧ್ಯಾಪಕರ ಗಮನಕ್ಕೆ ಬಂದಿತು. ಮಾರ್ಗರೆಟ್ ಬ್ರಾಡ್ಲಿ ಎಂಬ ಲೇಖಕಿ ವ್ಯಕ್ತಿಗಳ ಸಹಜ ಒಲವು-ಸಾಮರ್ಥ್ಯಗಳನ್ನು ಕುರಿತು ಬರೆದ, 1943ರಲ್ಲಿ ಹೊರಬಂದ ಪುಸ್ತಕವೊಂದು ಇದೇ ಕಾಲದಲ್ಲಿ ಅವರ ಕೈಸೇರಿತು. ಕಲ್ಪನಾಶಕ್ತಿ ಹೆಚ್ಚಿರುವವರು ಪಳಗದ ಕುದುರೆಮರಿಗಳಂತೆ, ದಾರಿ ಕಂಡರೆ ದೂರ ಓಡಬಲ್ಲವರು ಎಂಬ ವಿಚಾರ ಅವರಲ್ಲಿ ನೆಲೆಯೂರಿತು. ಮುಂದಿನ ಅರ್ಧ ಶತಮಾನದ ಸಂಶೋಧನೆಯ ಬೀಜ ಪ್ರಯೋಗಾಲಯದಲ್ಲಿ ಬಿದ್ದುದಲ್ಲ, ಶಿಸ್ತಿನ ಶಾಲೆಯೊಂದರಲ್ಲಿ ಬಿದ್ದುದು ಎಂಬುದನ್ನು ಗಮನಿಸಬೇಕು.

1945ರಲ್ಲಿ ಸೈನ್ಯಕ್ಕೆ ಸೇರಿದ ಟಾರೆನ್ಸ್ ಅಲ್ಲಿ ಸೈನಿಕರ ಆಪ್ತಸಲಹೆಯ ಕೆಲಸದಲ್ಲಿದ್ದರು. ಯುದ್ಧಾನಂತರ ಕಾನ್ಸಸ್‌ನಲ್ಲಿ ವಿದ್ಯಾರ್ಥಿಗಳ ಸಲಹಾಕೇಂದ್ರದಲ್ಲಿ ದುಡಿದು, 1951ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದೇ ವರ್ಷದಿಂದ 1957ರವರೆಗೆ ಅಮೆರಿಕದ ವಾಯುಪಡೆಯ ‘ಬದುಕುಳಿಯುವ ತರಬೇತಿ’ಯ ಸಂಶೋಧನೆಯಲ್ಲಿ ಅವರು ತೊಡಗಿಕೊಂಡುದು ಮೇಲ್ನೋಟಕ್ಕೆ ಮಕ್ಕಳ ಶಿಕ್ಷಣಕ್ಕೆ ಸಂಬಂಧವಿಲ್ಲದ ಘಟ್ಟವಾಗಿ ಕಾಣುತ್ತದೆ. ವಾಸ್ತವವಾಗಿ ಸಂಬಂಧ ಇರುವುದು ಇಲ್ಲಿಯೇ. ವಿಮಾನ ಉರುಳಿ ಕಾಡಿನಲ್ಲೋ ಹಿಮದಲ್ಲೋ ಶತ್ರುನೆಲದಲ್ಲೋ ಸಿಲುಕಿದ ವೈಮಾನಿಕರಲ್ಲಿ ಯಾರು ಬದುಕಿ ಮರಳುತ್ತಾರೆ ಎಂಬುದು ಸಂಶೋಧನೆಯ ಪ್ರಶ್ನೆ. ಯಾವ ತರಬೇತಿಯೂ ಮುಂದೆ ಎದುರಾಗಬಹುದಾದ ಪ್ರತಿಯೊಂದು ಸನ್ನಿವೇಶವನ್ನು ಮುನ್ನವೇ ಕಲಿಸಿಕೊಡಲಾರದು. ಕಲಿತದ್ದನ್ನು ಕಲಿಯದ ಸನ್ನಿವೇಶಕ್ಕೆ ಹೊಂದಿಸಿಕೊಳ್ಳಬಲ್ಲ ಕಲ್ಪಕತೆ, ಅದಕ್ಕೆ ಬೇಕಾದ ಧೈರ್ಯ ಇವೇ ನಿರ್ಣಾಯಕ ಎಂಬ ತೀರ್ಮಾನಕ್ಕೆ ಅವರು ಬಂದರು. ಸೃಜನಶೀಲತೆಯೆಂದರೆ ಕಲಾವಿದರ ವಿಶೇಷ ಸೊತ್ತು ಎಂಬ ರಮ್ಯ ಕಲ್ಪನೆಯಿಂದ ಟಾರೆನ್ಸ್ ದೂರ ಉಳಿದುದಕ್ಕೆ ಈ ಆರು ವರ್ಷಗಳೇ ಕಾರಣವೆಂದು ನನಗೆ ತೋರುತ್ತದೆ. ಅವರ ಪಾಲಿಗೆ ಅದು ಬದುಕುಳಿಯುವ ಬಗೆ. ಮುಂದೆ ಅವರು ಕೊಟ್ಟ ವ್ಯಾಖ್ಯೆಯೂ ಹೀಗೆಯೇ ಇದೆ: ಕೊರತೆಯನ್ನೋ ಬಿರುಕನ್ನೋ ಗ್ರಹಿಸುವುದು, ಊಹೆಗಳನ್ನು ಕಟ್ಟುವುದು, ಅವುಗಳನ್ನು ಪರೀಕ್ಷಿಸಿ ತಿದ್ದುವುದು, ಕಂಡುಕೊಂಡುದನ್ನು ಇತರರಿಗೆ ತಿಳಿಸುವುದು, ಇಷ್ಟೂ ಸೇರಿದ ಪ್ರಕ್ರಿಯೆ.

1958ರಲ್ಲಿ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದ ಶೈಕ್ಷಣಿಕ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಆ ಹೊತ್ತಿನ ಚಾರಿತ್ರಿಕ ಹಿನ್ನೆಲೆಯನ್ನು ಇಲ್ಲಿ ತುಸು ವಿಸ್ತಾರವಾಗಿ ಗಮನಿಸುವುದು ಅಗತ್ಯ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತ್ತು. ತಮ್ಮ ಶಾಲೆಗಳು ಹಿಂದುಳಿದಿವೆಯೆಂಬ ಆತಂಕ ಅಮೆರಿಕವನ್ನು ಆವರಿಸಿ, ಬುದ್ಧಿವಂತ ಮಕ್ಕಳನ್ನು ಹುಡುಕಿ ಬೆಳೆಸುವುದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಹುಡುಕುವ ಸಾಧನ ಬುದ್ಧಿಸೂಚ್ಯಂಕ ಪರೀಕ್ಷೆ. ಲೂಯಿಸ್ ಟರ್ಮನ್ 1921ರಿಂದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,500 ಮಕ್ಕಳನ್ನು ಇದೇ ಆಧಾರದ ಮೇಲೆ ಆಯ್ದು ನಡೆಸಿದ ಅಧ್ಯಯನ ಆ ನಂಬಿಕೆಯ ತಳಹದಿಯಾಗಿತ್ತು. ಆ ಆಯ್ಕೆಯಲ್ಲಿ ಅಂಕ ಸಾಲದೆ ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಇದ್ದರು. ಇಬ್ಬರೂ ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು. ಆಯ್ಕೆಯಾದವರಲ್ಲಿ ಯಾರಿಗೂ ಆ ಪ್ರಶಸ್ತಿ ಬರಲಿಲ್ಲ. ಇತ್ತ 1950ರಲ್ಲಿ ಜೆ.ಪಿ. ಗಿಲ್‌ಫರ್ಡ್ ಅವರು ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆಯನ್ನು ಮನೋವಿಜ್ಞಾನ ಕಡೆಗಣಿಸಿದೆಯೆಂದು ಎಚ್ಚರಿಸಿದ್ದರು. ಒಂದೇ ಸರಿಯುತ್ತರದತ್ತ ಸಾಗುವ ಏಕಮುಖಿ ಚಿಂತನೆ, ಹಲವು ಸಾಧ್ಯತೆಗಳತ್ತ ಕವಲೊಡೆಯುವ ಬಹುಮುಖಿ ಚಿಂತನೆ ಎಂಬ ಪ್ರಸಿದ್ಧ ವಿಂಗಡಣೆಯೂ ಅವರದೇ.

ಗಿಲ್‌ಫರ್ಡ್ ಅವರದು ಸಿದ್ಧಾಂತಕಾರನ ಮನಸ್ಸು. ಟಾರೆನ್ಸ್ ಆ ಸಿದ್ಧಾಂತವನ್ನು ಶಿಶುವಿಹಾರದ ಮಕ್ಕಳ ಮುಂದೆ ತಂದಿಟ್ಟರು. ಅವರು ರೂಪಿಸಿದ ಪರೀಕ್ಷೆಯ ಚಿತ್ರಭಾಗದಲ್ಲಿ ಮೂರು ಚಟುವಟಿಕೆಗಳಿವೆ. ಒಂದೊಂದಕ್ಕೆ ಹತ್ತು ನಿಮಿಷ. ಬಾಗಿದ ಆಕಾರವೊಂದನ್ನು ಆಧಾರವಾಗಿಟ್ಟುಕೊಂಡು ಚಿತ್ರ ಕಟ್ಟುವುದು, ಅರ್ಧಕ್ಕೆ ನಿಂತ ಹತ್ತು ಗೆರೆಗಳನ್ನು ಪೂರ್ಣಗೊಳಿಸುವುದು, ಸಾಲುಸಾಲಾಗಿರುವ ವೃತ್ತಗಳನ್ನು ಅಥವಾ ಜೋಡಿಗೆರೆಗಳನ್ನು ಬೇರೆಬೇರೆ ವಸ್ತುಗಳಾಗಿ ಮಾರ್ಪಡಿಸುವುದು. ಪ್ರತಿ ಚಿತ್ರಕ್ಕೂ ಮಗುವೇ ಹೆಸರಿಡಬೇಕು. ಭಾಷಿಕ ಭಾಗದಲ್ಲಿ ಆಟಿಕೆಯ ಆನೆಯೊಂದನ್ನು ಆಡಲು ಇನ್ನಷ್ಟು ಖುಷಿಯಾಗುವಂತೆ ಹೇಗೆ ಬದಲಿಸಬಹುದು, ರಟ್ಟಿನ ಪೆಟ್ಟಿಗೆಗಳಿಂದ ಏನೇನು ಮಾಡಬಹುದು, ಮೋಡಗಳಿಂದ ದಾರಗಳು ನೆಲದವರೆಗೆ ಇಳಿಬಿದ್ದಿದ್ದರೆ ಏನೇನಾಗುತ್ತಿತ್ತು ಎಂಬಂಥ ಪ್ರಶ್ನೆಗಳಿವೆ. ಉತ್ತರಗಳ ಸಂಖ್ಯೆಯಿಂದ ನಿರರ್ಗಳತೆ, ಬಗೆಗಳಿಂದ ನಮ್ಯತೆ, ವಿರಳತೆಯಿಂದ ಸ್ವೋಪಜ್ಞತೆ, ವಿವರಗಳಿಂದ ವಿಸ್ತರಣೆ ಹೀಗೆ ನಾಲ್ಕು ನೆಲೆಗಳಲ್ಲಿ ಅಂಕ ನೀಡಲಾಗುತ್ತಿತ್ತು.

1962ರ ‘ಗೈಡಿಂಗ್ ಕ್ರಿಯೇಟಿವ್ ಟ್ಯಾಲೆಂಟ್’ ಗ್ರಂಥದಲ್ಲಿ ಅವರು ಮಂಡಿಸಿದ ಒಂದು ಲೆಕ್ಕ ಶಿಕ್ಷಣವಲಯವನ್ನು ಕದಡಿತು. ಬುದ್ಧಿಸೂಚ್ಯಂಕದ ಮೇಲಿನ ಶೇಕಡಾ 20ರಷ್ಟು ಮಕ್ಕಳನ್ನು ಮಾತ್ರ ಪ್ರತಿಭಾವಂತರೆಂದು ಆರಿಸಿದರೆ, ಸೃಜನಶೀಲತೆಯಲ್ಲಿ ಮೇಲಿನ ಶೇಕಡಾ 20ರಲ್ಲಿ ಬರುವ ಮಕ್ಕಳಲ್ಲಿ ಸುಮಾರು 70 ಮಂದಿ ನೂರಕ್ಕೆ ಹೊರಗುಳಿಯುತ್ತಾರೆ ಎಂಬುದೇ ಆ ಲೆಕ್ಕ. ಹೊರಗುಳಿದವರ ಪಾಡೇನು? ತರಗತಿಯಲ್ಲಿ ಹೊಸ ವಿಚಾರವೊಂದನ್ನು ಮುಂದಿಡುವ ಮಗು ಆ ಕ್ಷಣದಲ್ಲಿ ಒಬ್ಬನೇ ಸದಸ್ಯನಿರುವ ಅಲ್ಪಸಂಖ್ಯಾತ ಗುಂಪಾಗಿಬಿಡುತ್ತದೆ. ಸಹಪಾಠಿಗಳ ನಗೆಗೂ ಅಧ್ಯಾಪಕರ ಅಸಹನೆಗೂ ಗುರಿಯಾಗಿ ಕೊನೆಗೆ ತನ್ನ ವಿಚಾರವನ್ನೇ ಬಚ್ಚಿಟ್ಟುಕೊಳ್ಳುತ್ತದೆ ಎಂದು ಟಾರೆನ್ಸ್ ವಿವರಿಸಿದರು. ‘ಆದರ್ಶ ವಿದ್ಯಾರ್ಥಿ’ಯ ಗುಣಗಳನ್ನು ಗುರುತಿಸುವಂತೆ ಭಾರತವೂ ಸೇರಿದಂತೆ ಹಲವು ದೇಶಗಳ ಅಧ್ಯಾಪಕರನ್ನು ಅವರು ಕೇಳಿದ್ದರು. ಸ್ವಂತ ನಿಲುವಿಗಾಗಿ ನಿಲ್ಲುವ ಧೈರ್ಯಕ್ಕಿಂತ ಸೌಜನ್ಯ, ವಿಧೇಯತೆ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವಿಕೆಗಳಿಗೆ ದೊರೆತ ಮನ್ನಣೆ ದೊಡ್ಡದು.

ಅವರ ಇನ್ನೊಂದು ಮುಖ್ಯ ಶೋಧ ‘ನಾಲ್ಕನೆಯ ತರಗತಿಯ ಕುಸಿತ’. ಮೂರನೆಯ ತರಗತಿಯವರೆಗೆ ಏರುತ್ತ ಬಂದ ಅಂಕಗಳು ಒಂಬತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಥಟ್ಟನೆ ಇಳಿಯುತ್ತಿದ್ದವು. 1968ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಈ ಇಳಿತ ಕಂಡಿತ್ತು. ಇದು ವಯೋಸಹಜವೋ ಅಥವಾ ಶಾಲೆಯ, ಸಮಾಜದ ಸೃಷ್ಟಿಯೋ? ಉತ್ತರಕ್ಕಾಗಿ ಅವರು ಏಳು ಸಂಸ್ಕೃತಿಗಳನ್ನು ಹೋಲಿಸಿದರು: ಮಿನ್ನೆಸೋಟದ ಬಿಳಿಯ ಮಕ್ಕಳು, ಜಾರ್ಜಿಯಾದ ಪ್ರತ್ಯೇಕಿತ ಶಾಲೆಯ ಆಫ್ರಿಕನ್-ಅಮೆರಿಕನ್ ಮಕ್ಕಳು, ಪಶ್ಚಿಮ ಸಮೋವಾ, ಆಸ್ಟ್ರೇಲಿಯಾ, ಪಶ್ಚಿಮ ಜರ್ಮನಿ, ನಾರ್ವೆ ಹಾಗೂ ನಮ್ಮ ದೆಹಲಿಯ ಮಕ್ಕಳು. ಕುಸಿತದ ಕಾಲ, ಪ್ರಮಾಣ ಎಲ್ಲೆಡೆ ಒಂದೇ ಆಗಿರಲಿಲ್ಲ. ಸಮೋವಾದಲ್ಲಂತೂ ಅಂಥ ಹಠಾತ್ ಇಳಿತವೇ ಕಾಣಲಿಲ್ಲ. ಆದ್ದರಿಂದ ಅದನ್ನು ನಿಸರ್ಗದ ತಲೆಗೆ ಕಟ್ಟುವಂತಿಲ್ಲ, ಮಕ್ಕಳಿಂದ ಸಮಾಜ ಹೊಸದಾಗಿ ಏನನ್ನು ನಿರೀಕ್ಷಿಸತೊಡಗುತ್ತದೆ ಎಂಬುದರಲ್ಲಿ ಕಾರಣವಿದೆ ಎಂಬುದು ಅವರ ನಿಲುವು. ಈ ಹೋಲಿಕೆಯ ವಿಧಾನದ ಬಗ್ಗೆ ಆಕ್ಷೇಪಗಳು ಸಾಧ್ಯ. ಒಂದೊಂದು ನೆಲೆಯ ಕೆಲವೇ ಶಾಲೆಗಳನ್ನು ಇಡೀ ಸಂಸ್ಕೃತಿಯ ಪ್ರತಿನಿಧಿಯೆಂದು ಭಾವಿಸುವುದು ಇಂದಿನ ಸಂಸ್ಕೃತಿ ಅಧ್ಯಯನಕ್ಕೆ ಒಪ್ಪಿಗೆಯಾಗಲಾರದು. ಆದರೆ ಮಗುವಿನ ಮೌನಕ್ಕೆ ಮಗುವನ್ನೇ ಹೊಣೆಯಾಗಿಸದೆ ಸಮಾಜವನ್ನು ಪ್ರಶ್ನಿಸಿದ ಆ ದಿಕ್ಕು ಮುಖ್ಯವಾದುದು.

1966ರಲ್ಲಿ ಟಾರೆನ್ಸ್ ತಮ್ಮ ಹುಟ್ಟುನಾಡಿಗೆ ಮರಳಿ, ಅಥೆನ್ಸ್ ಪಟ್ಟಣದಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯದ ಶೈಕ್ಷಣಿಕ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ವರ್ಣಾಧಾರಿತ ಪ್ರತ್ಯೇಕತೆ ಶಾಲೆಗಳಲ್ಲಿ ಇನ್ನೂ ಸಂಪೂರ್ಣವಾಗಿ ಅಳಿದಿರದ ಕಾಲ. ಬಡ ಆಫ್ರಿಕನ್-ಅಮೆರಿಕನ್ ಮಕ್ಕಳೊಡನೆ ಅವರು ನಡೆಸಿದ ಕೆಲಸ, ನನ್ನ ದೃಷ್ಟಿಯಲ್ಲಿ, ಅವರ ಒಟ್ಟು ಸಾಧನೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಪರೀಕ್ಷೆಯ ಖ್ಯಾತಿಯಲ್ಲಿ ಇದು ಮರೆಯಾಗಿದೆ. ಇಂಥ ಮಕ್ಕಳನ್ನು ಕೊರತೆಯ ಪರಿಭಾಷೆಯಲ್ಲಿ ವರ್ಣಿಸುವುದು ಅಂದಿನ ವಿದ್ವತ್ತಿನ ರೂಢಿ. ಟಾರೆನ್ಸ್ ಅದನ್ನು ತಿರುವಿಹಾಕಿ, ಅವರಲ್ಲಿ ಎದ್ದುಕಾಣುವ ಹದಿನೆಂಟು ‘ಸೃಜನಶೀಲ ಶಕ್ತಿ’ಗಳನ್ನು ಪಟ್ಟಿಮಾಡಿದರು. ಕೈಗೆ ಸಿಕ್ಕ ಸಾಮಾನ್ಯ ವಸ್ತುವಿನಿಂದಲೇ ಬೇಕಾದುದನ್ನು ಮಾಡಿಕೊಳ್ಳುವುದು, ಕಥನ ಮತ್ತು ಅಭಿನಯದ ನಿಪುಣತೆ, ಲಯ ಹಾಗೂ ಕುಣಿತದ ಒಲವು, ಹಾಸ್ಯ, ಗುಂಪಿನಲ್ಲಿ ಸಮಸ್ಯೆ ಬಿಡಿಸುವ ಜಾಣ್ಮೆ, ಆಡುಮಾತಿನ ಪ್ರತಿಮಾ ಸಮೃದ್ಧಿ ಇವು ಅವುಗಳಲ್ಲಿ ಕೆಲವು. ಜಾನಪದದ ವಿದ್ಯಾರ್ಥಿಗೆ ಈ ಪಟ್ಟಿ ಹೊಸತೆನಿಸದು. ಹೊಸತೆನಿಸುವುದು ಇವನ್ನು ಶಾಲೆಯ ಮೌಲ್ಯಮಾಪನದೊಳಕ್ಕೆ ತರಬೇಕೆಂಬ ಅವರ ಹಟ. 1971ರಲ್ಲಿ ತಮ್ಮದೇ ಪರೀಕ್ಷೆ ಈ ಮಕ್ಕಳ ವಿಷಯದಲ್ಲಿ ಪಕ್ಷಪಾತಿಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಮುಕ್ತ ಉತ್ತರಗಳಿಗೆ ಅವಕಾಶವಿರುವಲ್ಲಿ ಜನಾಂಗ ಮತ್ತು ಬಡತನಗಳು ಮಕ್ಕಳನ್ನು ಹಿಂದೆ ತಳ್ಳುತ್ತಿಲ್ಲವೆಂದು ತೋರಿಸಿದರು. ಈ ಶೋಧಗಳು 1977ರಲ್ಲಿ ಪುಸ್ತಕವೊಂದರಲ್ಲಿ ಒಟ್ಟುಗೂಡಿದವು.

1959ರಲ್ಲಿ ಅವರನ್ನು ವಿವಾಹವಾದ ಪ್ಯಾನ್ಸಿ ನೈ ಅವರು ಈ ಎಲ್ಲ ಕಾರ್ಯಗಳಲ್ಲಿ ಜತೆಗಾರ್ತಿ. 1974ರಲ್ಲಿ ದಂಪತಿಗಳು ಆರಂಭಿಸಿದ ‘ಭವಿಷ್ಯದ ಸಮಸ್ಯಾ ಪರಿಹಾರ ಕಾರ್ಯಕ್ರಮ’ ಅಥೆನ್ಸ್‌ನ ಪ್ರೌಢಶಾಲೆಯೊಂದರಿಂದ ಹೊರಟು ಹಲವು ದೇಶಗಳಿಗೆ ಹರಡಿತು. ಜಪಾನಿನಲ್ಲಿದ್ದು ಅಲ್ಲಿನ ಪುಟ್ಟ ಮಕ್ಕಳ ಸಾಮೂಹಿಕ ಸೃಜನಶೀಲತೆಯನ್ನು ಕಂಡ ಅನುಭವದಿಂದ 1979ರಲ್ಲಿ ‘ದ ಸರ್ಚ್ ಫಾರ್ ಸಟೋರಿ ಅಂಡ್ ಕ್ರಿಯೇಟಿವಿಟಿ’ ಹೊರಬಂದಿತು. ಪಾಠಕ್ಕೆ ಮುನ್ನ ಕುತೂಹಲವನ್ನು ಕೆರಳಿಸುವುದು, ಪಾಠದೊಳಗೆ ನಿರೀಕ್ಷೆಯನ್ನು ಆಳವಾಗಿಸುವುದು, ಪಾಠ ಮುಗಿದ ಮೇಲೂ ಅದು ಮನಸ್ಸಿನಲ್ಲಿ ಕೆಲಸ ಮಾಡುತ್ತಿರುವಂತೆ ನೋಡಿಕೊಳ್ಳುವುದು ಎಂಬ ಮೂರು ಹಂತಗಳ ಅವರ ಬೋಧನಾ ಮಾದರಿಯೂ ಅದೇ ವರ್ಷದ್ದು. ಸಾಹಿತ್ಯ ಬೋಧಿಸುವವರು ಈ ಮೂರನೆಯ ಹಂತವನ್ನು ವಿಶೇಷವಾಗಿ ಗಮನಿಸಬೇಕು. ಗಂಟೆ ಹೊಡೆದಾಗ ಮುಗಿದುಹೋಗುವ ಪದ್ಯಪಾಠಗಳ ಅನುಭವ ನಮಗೆಲ್ಲ ಇದೆ.

ಇನ್ನು ಪರೀಕ್ಷೆಯ ವಿಷಯಕ್ಕೆ ಬರೋಣ. ಅದರ ಜನಪ್ರಿಯತೆಯಷ್ಟೇ ಹಳೆಯದು ಅದರ ವಿಮರ್ಶೆ. 1965ರಲ್ಲೇ ವಾಲಕ್ ಮತ್ತು ಕೋಗನ್ ಎಂಬ ಸಂಶೋಧಕರು, ಗಡಿಯಾರ ಹಿಡಿದು ಸೃಜನಶೀಲತೆಯನ್ನು ಅಳೆಯಲಾಗದು, ಆಟದ ವಾತಾವರಣ ಬೇಕು ಎಂದು ವಾದಿಸಿದ್ದರು. ಹೆಚ್ಚು ಉತ್ತರ ಬರೆದ ಮಗುವಿಗೆ ವಿರಳ ಉತ್ತರಗಳೂ ಸಹಜವಾಗಿ ಹೆಚ್ಚು ದೊರೆಯುವುದರಿಂದ, ನಿರರ್ಗಳತೆ ಮತ್ತು ಸ್ವೋಪಜ್ಞತೆಗಳು ನಿಜವಾಗಿ ಎರಡು ಅಂಶಗಳೇ ಎಂಬ ಆಕ್ಷೇಪಕ್ಕೆ ಇಂದಿಗೂ ತೃಪ್ತಿಕರ ಸಮಾಧಾನ ದೊರೆತಿಲ್ಲ. ಸಾಹಿತ್ಯದ ಕಡೆಯಿಂದ ನೋಡಿದರೆ ತೊಡಕು ಇನ್ನೂ ಮೂಲಭೂತವಾದುದು. ಇತರರಿಗೆ ಹೊಳೆಯದ್ದು ಹೊಳೆಯುವುದೇ ಸ್ವೋಪಜ್ಞತೆಯಾದರೆ, ಎಲ್ಲರೂ ಬಲ್ಲ ಕಥೆಯನ್ನೇ ಎತ್ತಿಕೊಂಡು ಕಾವ್ಯ ಕಟ್ಟಿದ ಪಂಪನಿಗೆ ಎಷ್ಟು ಅಂಕ? ಸಂಖ್ಯಾಶಾಸ್ತ್ರದ ವಿರಳತೆಯನ್ನು ಪ್ರತಿಭೆಯ ಮಾನದಂಡವಾಗಿ ನಮ್ಮ ಮೀಮಾಂಸೆ ಎಂದೂ ಒಪ್ಪಿಲ್ಲ.

ಟಾರೆನ್ಸ್ ಈ ಟೀಕೆಗಳಿಗೆ ಕಿವುಡಾಗಿರಲಿಲ್ಲ. 1984ರಲ್ಲಿ ಪರಿಷ್ಕರಿಸಿದ ಅಂಕವಿಧಾನದಲ್ಲಿ ಚಿತ್ರಭಾಗದಿಂದ ನಮ್ಯತೆಯನ್ನು ಕೈಬಿಟ್ಟು, ಮಗು ಕೊಡುವ ಶೀರ್ಷಿಕೆಗಳ ಅಮೂರ್ತತೆಯನ್ನೂ ಆತುರದಿಂದ ಗೆರೆಯನ್ನು ಮುಚ್ಚಿಬಿಡದೆ ಕಾಯುವ ತಾಳ್ಮೆಯನ್ನೂ ಸೇರಿಸಿದರು. ಹಾಸ್ಯ, ಭಾವಾಭಿವ್ಯಕ್ತಿ, ಕಥನದ ಸ್ಪಷ್ಟತೆಗಳಂಥ ಗುಣಗಳನ್ನು ಬೇರೆಯಾಗಿ ಗುರುತಿಸತೊಡಗಿದರು. ಒಂದೇ ಪರೀಕ್ಷೆಯ ಅಂಕದಿಂದ ಮಗುವಿನ ಬಗ್ಗೆ ತೀರ್ಮಾನಕ್ಕೆ ಬರಬಾರದೆಂಬುದು ಅವರ ನಿರಂತರ ಎಚ್ಚರಿಕೆಯಾಗಿತ್ತು. ಆದರೆ ಶಾಲಾಡಳಿತಗಳಿಗೆ ಬೇಕಾದುದು ಎಚ್ಚರಿಕೆಯಲ್ಲ, ಒಂದು ಸಂಖ್ಯೆ. ವಿಶೇಷ ತರಗತಿಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳಲು, ಸೇರಿಸಿಕೊಳ್ಳದಿರಲು ಆ ಅಂಕ ಬಳಕೆಯಾಯಿತು. ಭಾರತದ ಸ್ಥಿತಿಯೂ ಭಿನ್ನವಲ್ಲ. 1973ರಲ್ಲಿ ಬಾಖರ್ ಮೆಹ್ದಿ ಅವರು ಇದೇ ಜಾಡಿನಲ್ಲಿ ಭಾರತೀಯ ಮಕ್ಕಳಿಗಾಗಿ ಪರೀಕ್ಷೆ ರೂಪಿಸಿದ ಮೇಲೆ ನಮ್ಮ ಶಿಕ್ಷಣ ವಿಭಾಗಗಳಲ್ಲಿ ಸೃಜನಶೀಲತೆಯ ಅಂಕವನ್ನು ಮತ್ತೊಂದು ಅಂಕದೊಡನೆ ತಾಳೆನೋಡುವ ಪ್ರಬಂಧಗಳು ಹೇರಳವಾಗಿ ಬಂದವು. ಸಾಧನ ಬಂದಷ್ಟು ಸಲೀಸಾಗಿ ಅದರ ಹಿಂದಿನ ತಳಮಳ ಬರಲಿಲ್ಲ. ಇದಕ್ಕೆ ಅಪವಾದವಾಗಿ, ಟಾರೆನ್ಸ್ ಅವರ ಒಟ್ಟು ಬದುಕು-ಚಿಂತನೆಯನ್ನು ಕುರಿತು ಎಂ.ಕೆ. ರೈನಾ ಅವರು 2000ದಲ್ಲಿ ಪ್ರಕಟಿಸಿದ ಗ್ರಂಥವನ್ನು ಹೆಸರಿಸಬೇಕು.

ಟಾರೆನ್ಸ್ ಅವರನ್ನು ಅಂಕಗಳಿಂದಾಚೆಗೆ ಒಯ್ದದ್ದು ವಿಮರ್ಶಕರಿಗಿಂತ ಹೆಚ್ಚಾಗಿ ಮಿನ್ನೆಯಾಪೊಲಿಸ್‌ನ ಮಕ್ಕಳು. 1958ರಿಂದ ಅಲ್ಲಿನ ಎರಡು ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷೆಗೊಳಗಾದವರನ್ನು 22 ವರ್ಷಗಳ ಬಳಿಕ, 1980ರಲ್ಲಿ, ಅವರು ಮತ್ತೆ ಹುಡುಕಿಸಿದರು. ಇನ್ನೂರಕ್ಕೂ ಹೆಚ್ಚು ಮಂದಿ ತಮ್ಮ ಬದುಕಿನ ವಿವರ ಕಳುಹಿಸಿದರು. ಬಾಲ್ಯದ ಅಂಕಗಳಿಗೂ ವಯಸ್ಕರ ಸಾಧನೆಗಳಿಗೂ ಗಣನೀಯ ಸಂಬಂಧ ಕಂಡುಬಂದಿತು. 1999ರಲ್ಲಿ ಜೊನಾಥನ್ ಪ್ಲಕರ್ ಅದೇ ದತ್ತಾಂಶವನ್ನು ಹೊಸ ವಿಧಾನದಿಂದ ಪರಿಶೀಲಿಸಿ, ವಯಸ್ಕರ ಸೃಜನಶೀಲ ಸಾಧನೆಯನ್ನು ವಿವರಿಸುವಲ್ಲಿ ಬುದ್ಧಿಸೂಚ್ಯಂಕಕ್ಕಿಂತ ಈ ಪರೀಕ್ಷೆ ಬಹಳ ಮುಂದಿದೆಯೆಂದು ತೋರಿಸಿದರು. ಪರೀಕ್ಷೆಯ ಸಪ್ರಮಾಣತೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿರಲಿಲ್ಲ. ಬೇರೊಬ್ಬರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಟಾರೆನ್ಸ್ ಆ ಉತ್ತರಪತ್ರಗಳಲ್ಲಿ ಸಂಖ್ಯೆಗೆ ಒಗ್ಗದ ಸಂಗತಿಗಳನ್ನು ಓದತೊಡಗಿದರು. ಬಾಲ್ಯದಲ್ಲೇ ಯಾವುದಾದರೊಂದರಲ್ಲಿ ಗಾಢವಾಗಿ ಅನುರಕ್ತರಾದವರು, ತಮ್ಮ ನಾಳೆಯ ಬಗ್ಗೆ ಒಂದು ಚಿತ್ರವನ್ನು ಎದೆಯಲ್ಲಿಟ್ಟುಕೊಂಡವರು, ಕೈಹಿಡಿದು ನಡೆಸುವ ಗುರುವೊಬ್ಬರನ್ನು ಪಡೆದವರು ಬಹುದೂರ ಸಾಗಿದ್ದರು. ಅಂಕ ಹೆಚ್ಚಿದ್ದೂ ಇವು ಯಾವುವೂ ಇಲ್ಲದವರು ಹಾದಿಯಲ್ಲೇ ಉಳಿದಿದ್ದರು. 1984ರ ಅವರ ಕೃತಿ ಗುರು-ಶಿಷ್ಯ ಸಂಬಂಧವನ್ನೇ ಕುರಿತದ್ದು. ತೊಂಬತ್ತರ ದಶಕದ ಹೊತ್ತಿಗೆ ತಮ್ಮ ಗುಂಪಿನಲ್ಲಿ ಎಲ್ಲ ನಿರೀಕ್ಷೆ ಮೀರಿ ಬೆಳೆದವರನ್ನು ‘ಆಚೆಗೆ ಹೋದವರು’ ಎಂದು ಬೇರೆಯಾಗಿ ಗುರುತಿಸಿ, ಕೆಲಸದ ಮೇಲಿನ ಪ್ರೀತಿ, ಬಿಡದ ಹಟ, ತಪ್ಪುಗಳನ್ನು ಸಹಿಸಿಕೊಳ್ಳುವ ಗುಣ, ಒಂಟಿಯಾಗಿರಲು ಅಂಜದ ಮನಸ್ಸು ಇಂಥವನ್ನು ಅವರ ಲಕ್ಷಣಗಳಾಗಿ ವಿವರಿಸಿದರು. ಸಹಜೆಯಿಂದ ಔಪದೇಶಿಕಿಯತ್ತ, ಅಳೆಯಬಹುದಾದ ಶಕ್ತಿಯಿಂದ ಅಳೆಯಲಾಗದ ಒಲವಿನತ್ತ ಅವರ ಗಮನ ಸರಿದಿತ್ತು.

1983ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಅವರು ರಚಿಸಿದ ‘ಮಕ್ಕಳ ಪ್ರಣಾಳಿಕೆ’ ಈ ಸರಿಯುವಿಕೆಯ ಫಲ. ಸಂಶೋಧನಾ ಪ್ರಬಂಧದ ಭಾಷೆಯನ್ನು ತೊರೆದು ನೇರವಾಗಿ ಮಕ್ಕಳನ್ನೇ ಉದ್ದೇಶಿಸಿದ ಪುಟ್ಟ ಬರೆಹ. ಇಷ್ಟವಾದುದನ್ನು ಗಾಢವಾಗಿ ಪ್ರೀತಿಸಲು ಹಿಂಜರಿಯದಿರುವುದು, ಪರರ ನಿರೀಕ್ಷೆಗಳ ಭಾರದಿಂದ ಬಿಡಿಸಿಕೊಳ್ಳುವುದು, ಗುರುವನ್ನು ಅರಸುವುದು, ಪರಸ್ಪರ ಆಸರೆಯಾಗಿ ಬಾಳುವುದನ್ನು ಕಲಿಯುವುದು ಮುಂತಾದ ಸಲಹೆಗಳು ಅದರಲ್ಲಿವೆ. ಎಲ್ಲದರಲ್ಲೂ ಸಮಾನವಾಗಿ ಪರಿಣತರಾಗಬೇಕೆಂಬ ಹಂಬಲದಲ್ಲಿ ಶಕ್ತಿಯನ್ನು ಪೋಲುಮಾಡಬಾರದೆಂಬ ಸಲಹೆಯಂತೂ ಸರ್ವತೋಮುಖ ಬೆಳವಣಿಗೆಯನ್ನು ಗುರಿಯೆಂದು ಸಾರುವ ನಮ್ಮ ಶಿಕ್ಷಣದ ದಾಖಲೆಗಳಿಗೆ ನೇರ ವಿರುದ್ಧವಾದುದು. ಅದು ಚರ್ಚಾರ್ಹ. ಬಡಕುಟುಂಬದ ಮಗುವಿಗೆ ಒಂದೇ ಒಲವಿನ ಬೆನ್ನುಹತ್ತುವ ಸ್ವಾತಂತ್ರ್ಯ ಎಷ್ಟಿದೆಯೆಂಬ ಪ್ರಶ್ನೆಗೆ ಆ ಪ್ರಣಾಳಿಕೆಯಲ್ಲಿ ಉತ್ತರವಿಲ್ಲ.

1984ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸೃಜನಶೀಲತಾ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. 1988ರಲ್ಲಿ ಪತ್ನಿಯನ್ನು ಕಳೆದುಕೊಂಡರು. ಬರವಣಿಗೆ ನಿಲ್ಲಲಿಲ್ಲ, 2002ರಲ್ಲಿ ಪ್ರಣಾಳಿಕೆಯನ್ನು ವಿಸ್ತರಿಸಿದ ಕೃತಿ ಹೊರಬಂದಿತು. 2003ರ ಜುಲೈ 12ರಂದು, 87ನೆಯ ವಯಸ್ಸಿನಲ್ಲಿ, ಅಥೆನ್ಸ್‌ನಲ್ಲಿ ನಿಧನರಾದರು.

ಅವರ ನಂತರ ಎರಡು ಅಧ್ಯಯನಗಳು ಹೊರಬಂದವು. ಕ್ಯುಂಗ್ ಹೀ ಕಿಮ್ ಅವರು 2011ರಲ್ಲಿ, ದಶಕಗಳಲ್ಲಿ ಈ ಪರೀಕ್ಷೆ ಬರೆದ ಸುಮಾರು 2,70,000 ಅಮೆರಿಕನ್ನರ ಅಂಕಗಳನ್ನು ಹೋಲಿಸಿ, 1990ರಿಂದೀಚೆಗೆ ಅವು ಇಳಿಯುತ್ತಿವೆಯೆಂದೂ ಇಳಿತ ಚಿಕ್ಕ ಮಕ್ಕಳಲ್ಲೇ ಹೆಚ್ಚೆಂದೂ ಪ್ರಕಟಿಸಿದರು. ಇದು ದೊಡ್ಡ ಸುದ್ದಿಯಾಯಿತು. ಅದಕ್ಕೊಂದು ವರ್ಷ ಮೊದಲು, 2010ರಲ್ಲಿ, ಮಾರ್ಕ್ ರಂಕೊ ಮತ್ತು ಸಂಗಡಿಗರು ಮಿನ್ನೆಯಾಪೊಲಿಸ್‌ನ ಅದೇ ಮಕ್ಕಳ 50 ವರ್ಷಗಳ ಅನುಸರಣಾ ಅಧ್ಯಯನವನ್ನು ಪ್ರಕಟಿಸಿದ್ದು ಅಷ್ಟು ಸುದ್ದಿಯಾಗಲಿಲ್ಲ. ಆ ಹೊತ್ತಿಗೆ ಉತ್ತರಿಸಲು ದೊರೆತವರು ಅರವತ್ತು ಮಂದಿ. ಅರ್ಧ ಶತಮಾನದ ಹಿಂದೆ ವೃತ್ತಗಳನ್ನು ಚಿತ್ರಗಳಾಗಿಸಿದ ಮಕ್ಕಳ ಅಂಕಗಳಿಗೂ ಅವರು ಮುಂದೆ ಗಳಿಸಿದ ಸಾರ್ವಜನಿಕ ಮನ್ನಣೆಗೂ ಸಂಬಂಧ ಕಾಣಲಿಲ್ಲ. ಕಂಡದ್ದು ಅವರ ಖಾಸಗಿ ಬದುಕಿನ ಸೃಜನಶೀಲ ಸಾಧನೆಗಳೊಡನೆ.